ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯಲ್ಲೇ ಕಲಿಸುವವರ ಬೆನ್ನಿಗೆ ಕಾನೂನು ಇದೆಯೇ?

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಬಗ್ಗೆ ಬಂದ ಪತ್ರಗಳಲ್ಲಿ ಕಾನೂನಿಗೆ ಸಂಬಂಧಿಸಿದವನ್ನಷ್ಟೇ ಈ ಸಲ ಆರಿಸಿಕೊಂಡಿದ್ದೇವೆ. ಶಾಲೆ ಮೇಲೋ ಮನೆ ಮೇಲೋ ಎಂಬ ವಾದಕ್ಕೆ ಇಲ್ಲಿ ಜಾಗವಿಲ್ಲ. ಹೆಚ್ಚು ಪತ್ರಗಳು ಬಂದದ್ದು ಅದರ ಬಗ್ಗೆಯೇ ಎಂಬುದು ಬೇರೆ ಮಾತು.

ಹೋಮ್‌ಸ್ಕೂಲಿಂಗ್ ನಮ್ಮಲ್ಲಿ ಅಪರಾಧ ಅಂತ ಪರಿಚಯದ ವಕೀಲರು ಹೇಳುತ್ತಾರೆ. ದೆಹಲಿ ಹೈಕೋರ್ಟ್ ಮನೆಯಲ್ಲಿ ಕಲಿಸುವ ಹಕ್ಕನ್ನೇ ಎತ್ತಿಹಿಡಿದಿದೆ ಅಂತ ವಾಟ್ಸಾಪ್‌ನಲ್ಲಿ ಬರುತ್ತದೆ. ಯಾವುದನ್ನು ನಂಬಲಿ? — ಶಿವಮೊಗ್ಗ

ಎರಡನ್ನೂ ನಂಬಬೇಡಿ.

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಆರ್‌ಟಿಇ, 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯ. ಇದರ ಸೆಕ್ಷನ್ 10 ನೇರವಾಗಿ ತಂದೆತಾಯಿಯನ್ನೇ ಉದ್ದೇಶಿಸಿದೆ: ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪ್ರತಿ ಪೋಷಕರ ಕರ್ತವ್ಯ. ವಕೀಲರು ಹೇಳುತ್ತಿರುವುದು ಇದನ್ನೇ ಇರಬೇಕು. ಆದರೆ ಆ ಕರ್ತವ್ಯ ತಪ್ಪಿದ ಪೋಷಕರಿಗೆ ಕಾಯ್ದೆಯಲ್ಲಿ ದಂಡವೂ ಇಲ್ಲ, ಜೈಲೂ ಇಲ್ಲ. ದಂಡ ಇರುವುದು ಡೊನೇಷನ್ ವಸೂಲಿ ಮಾಡುವ ಶಾಲೆಗೆ, ಪ್ರವೇಶಕ್ಕೆ ಪರೀಕ್ಷೆ ಇಡುವ ಶಾಲೆಗೆ, ಮಾನ್ಯತೆ ಇಲ್ಲದೆ ನಡೆಯುವ ಶಾಲೆಗೆ. ‘ಕಡ್ಡಾಯ’ ಎಂದರೇನೆಂದು ಸೆಕ್ಷನ್ 8ರ ವಿವರಣೆ ಹೇಳುತ್ತದೆ: ಪ್ರವೇಶ, ಹಾಜರಾತಿ, ವ್ಯಾಸಂಗದ ಪೂರ್ತಿ, ಈ ಮೂರನ್ನೂ ನೋಡಿಕೊಳ್ಳುವ ಹೊಣೆ ಸರ್ಕಾರದ್ದು. ಹಾಗಾಗಿ ಮನೆಯಲ್ಲಿ ಕಲಿಸಿದ್ದಕ್ಕೆ ಆರ್‌ಟಿಇ ಅಡಿಯಲ್ಲಿ ನಿಮ್ಮ ಮೇಲೆ ಕೇಸು ಹಾಕಲು ಬರುವುದಿಲ್ಲ. ಅಷ್ಟಕ್ಕೇ ಕಾನೂನು ಅದನ್ನು ಒಪ್ಪಿದೆ ಎಂದೂ ಹೇಳಲಾಗದು. ದಂಡವಿಲ್ಲದ ಕರ್ತವ್ಯವೂ ಕರ್ತವ್ಯವೇ.

ಇನ್ನು ದೆಹಲಿ ಹೈಕೋರ್ಟ್. ಮನೆಯಲ್ಲಿ ಕಲಿಯುವ ಮಕ್ಕಳಿಗೆ ಆರ್‌ಟಿಇಯಿಂದ ತೊಂದರೆಯಾಗುತ್ತದೆ ಎಂದು ಅಲ್ಲಿ ಒಂದು ರಿಟ್ ಅರ್ಜಿ ದಾಖಲಾಗಿತ್ತು. ಅದಕ್ಕೆ ಉತ್ತರವಾಗಿ ಕೇಂದ್ರ ಮಾನವ ಸಂಪನ್ಮೂಲ ಸಚಿವಾಲಯ 2012ರ ಜುಲೈಯಲ್ಲಿ ಪ್ರಮಾಣಪತ್ರ ಸಲ್ಲಿಸಿ, ಸ್ವಇಚ್ಛೆಯಿಂದ ಮನೆಯಲ್ಲಿ ಕಲಿಸುವವರು ಮುಂದುವರಿಸಬಹುದು, ಕಾಯ್ದೆ ಅಡ್ಡಿಯಾಗದು ಎಂಬರ್ಥದ ಮಾತು ಹೇಳಿತು. ವಾಟ್ಸಾಪ್‌ನಲ್ಲಿ ಸುತ್ತುತ್ತಿರುವುದು ಈ ಪ್ರಮಾಣಪತ್ರ. ಮುಂದೆ ಸಚಿವಾಲಯವೇ ಆ ನಿಲುವಿನಿಂದ ಹಿಂದೆ ಸರಿಯಿತು ಎಂಬುದನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಸರ್ಕಾರದ ಪ್ರಮಾಣಪತ್ರ ಬೇರೆ, ನ್ಯಾಯಾಲಯದ ತೀರ್ಪು ಬೇರೆ. ಆ ಪ್ರಕರಣದಿಂದ ಮನೆಶಾಲೆಯ ಹಕ್ಕನ್ನು ಸ್ಥಾಪಿಸುವ ತೀರ್ಪೇನೂ ಬರಲಿಲ್ಲ. ಅಧಿಕಾರಿಯೊಬ್ಬರು ಬಾಗಿಲಿಗೆ ಬಂದಾಗ ಆ ಫಾರ್ವರ್ಡ್ ತೋರಿಸಿ ಗೆಲ್ಲುವ ಆಸೆ ಬೇಡ.

ನಾಲ್ಕನೇ ತರಗತಿ ಮುಗಿಸುವ ಮಗಳನ್ನು ಜೂನ್‌ನಿಂದ ಮನೆಯಲ್ಲೇ ಓದಿಸಬೇಕೆಂದಿದ್ದೇವೆ. ಟಿಸಿ ತೆಗೆದುಕೊಳ್ಳಲೇಬೇಕೇ? ಸುಮ್ಮನೆ ಕಳಿಸದೆ ಇದ್ದುಬಿಟ್ಟರೆ ಆಗದೇ? — ಯಲಹಂಕ, ಬೆಂಗಳೂರು

ಸುಮ್ಮನೆ ಇರಬೇಡಿ. ಟಿಸಿ ತೆಗೆಯದೆ ಬಿಟ್ಟರೆ ಹುಡುಗಿಯ ಹೆಸರು ವಿದ್ಯಾರ್ಥಿಗಳ ದಾಖಲೆ ಇಡುವ ಶಿಕ್ಷಣ ಇಲಾಖೆಯ ಸ್ಯಾಟ್ಸ್ ತಂತ್ರಾಂಶದಲ್ಲಿ ಅದೇ ಶಾಲೆಯಲ್ಲೇ ಉಳಿಯುತ್ತದೆ, ಗೈರುಹಾಜರಿ ಏರುತ್ತದೆ, ಕೊನೆಗೆ ಆಕೆ ‘ಶಾಲೆ ಬಿಟ್ಟ ಮಗು’ ಎಂಬ ಪಟ್ಟಿಗೆ ಸೇರುತ್ತಾಳೆ. ಆ ಪಟ್ಟಿ ಇರುವುದು ಇಟ್ಟಿಗೆಗೂಡಿಗೆ, ಹೋಟೆಲಿಗೆ ದುಡಿಯಲು ಹೋದ ಮಕ್ಕಳನ್ನು ಹುಡುಕಲು. ನಿಮ್ಮ ಮಗಳನ್ನು ಆ ಪಟ್ಟಿಗೆ ಸೇರಿಸಿದರೆ ನಿಮಗೂ ತಾಪತ್ರಯ, ಪಟ್ಟಿ ಹಿಡಿದು ಓಡಾಡುವ ಶಾಲಾ ಗುಂಪಿನ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿಗೂ ವ್ಯರ್ಥ ಕೆಲಸ. ಮುಂದೆ ಬೇರೆ ಶಾಲೆಗೆ ಸೇರಿಸುವಾಗ ಹಳೆಯ ಶಾಲೆ ಸ್ಯಾಟ್ಸ್‌ನಲ್ಲಿ ಬಿಡುಗಡೆ ಮಾಡದಿದ್ದರೆ ದಾಖಲಾತಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ವಾರ್ಷಿಕ ಪರೀಕ್ಷೆ ಮುಗಿದು ಫಲಿತಾಂಶ ಬಂದ ಮೇಲೆ, ಬೇಸಿಗೆ ರಜೆ ಮುಗಿಯುವ ಮೊದಲು, ಲಿಖಿತ ಅರ್ಜಿ ಕೊಡಿ. ವರ್ಷದ ನಡುವೆ ಬಿಡಿಸುವುದಕ್ಕಿಂತ ಇದು ಲೇಸು. ಒಂದು ತರಗತಿ ಪೂರ್ತಿಯಾದ ದಾಖಲೆ ಕೈಯಲ್ಲಿರುತ್ತದೆ. ಅರ್ಜಿಯ ಪ್ರತಿಗೆ ಶಾಲೆಯ ಮೊಹರು ಹಾಕಿಸಿಕೊಳ್ಳಿ. ಟಿಸಿ ಕೇಳಿದ ಕೂಡಲೇ ಕೊಡಬೇಕೆಂದು ಸೆಕ್ಷನ್ 5 ಮುಖ್ಯಶಿಕ್ಷಕರಿಗೆ ಹೇಳುತ್ತದೆ, ತಡಮಾಡಿದರೆ ಅವರ ಮೇಲೆ ಶಿಸ್ತುಕ್ರಮಕ್ಕೂ ಅವಕಾಶವಿದೆ. ಆದರೆ ಅದು ಮೂಲತಃ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಬಯಸುವ ಮಗುವಿಗಾಗಿ ಬರೆದದ್ದು. ಹಾಗಾಗಿ ಗುಮಾಸ್ತರು ‘ಮುಂದೆ ಯಾವ ಶಾಲೆ?’ ಎಂದೇ ಕೇಳುತ್ತಾರೆ. ಇಲ್ಲದ ಶಾಲೆಯ ಹೆಸರು ಬರೆಸಬೇಡಿ. ‘ಸದ್ಯ ಮನೆಯಲ್ಲಿ ಪೋಷಕರಿಂದ ಶಿಕ್ಷಣ, ಮುಂದೆ ಮುಕ್ತ ಶಾಲೆ’ ಎಂದು ಇದ್ದದ್ದನ್ನೇ ಬರೆದುಕೊಡಿ (ಮುಕ್ತ ಶಾಲೆ ಎಂದರೆ ಶಾಲೆಗೆ ಹೋಗದೆ ಓದಿ ಪರೀಕ್ಷೆ ಕಟ್ಟುವ ವ್ಯವಸ್ಥೆ). ಟಿಸಿಯ ಜೊತೆ ಎಲ್ಲ ವರ್ಷಗಳ ಅಂಕಪಟ್ಟಿ, ಸ್ಯಾಟ್ಸ್ ಸಂಖ್ಯೆ, ಯಾವ ವರ್ಷದಿಂದ ಯಾವ ವರ್ಷದವರೆಗೆ ಯಾವ ಮಾಧ್ಯಮದಲ್ಲಿ ಓದಿದಳೆಂಬ ವ್ಯಾಸಂಗ ಪ್ರಮಾಣಪತ್ರ, ಇಷ್ಟನ್ನೂ ಅದೇ ದಿನ ತೆಗೆದುಕೊಂಡುಬಿಡಿ. ವ್ಯಾಸಂಗ ಪ್ರಮಾಣಪತ್ರ ಯಾಕೆಂಬುದು ಕೆಳಗೆ ಹಾಸನದವರ ಪ್ರಶ್ನೆಯಲ್ಲಿ ಗೊತ್ತಾಗುತ್ತದೆ.

ಟಿಸಿಯಲ್ಲಿ ಹೆಸರು, ಜನ್ಮದಿನಾಂಕ, ತಂದೆತಾಯಿಯ ಹೆಸರುಗಳು ಜನನ ಪ್ರಮಾಣಪತ್ರದಲ್ಲೂ ಆಧಾರ್‌ನಲ್ಲೂ ಇರುವಂತೆ ಅಕ್ಷರಶಃ ಒಂದೇ ಇವೆಯೇ ನೋಡಿ. ಇನಿಷಿಯಲ್ ಹಿಂದೆ ಮುಂದೆ ಆಗಿರುವುದು ನಮ್ಮಲ್ಲಿ ತೀರ ಸಾಮಾನ್ಯ. ಮಗು ಶಾಲೆಯಲ್ಲಿರುವಾಗ ಅದನ್ನು ತಿದ್ದಿಸುವುದು ಸುಲಭ. ಹೊರಬಂದ ಮೇಲೆ ಅಫಿಡವಿಟ್, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಅಂತ ಅಲೆಯಬೇಕಾಗುತ್ತದೆ.

ಮನೆಯಲ್ಲಿ ದಾಖಲೆ ಎಷ್ಟು ಇಡಬೇಕು? ಆರ್‌ಟಿಇ ಅನುಬಂಧವು ಶಾಲೆಗಳಿಗೆ 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 800 ಬೋಧನಾ ಗಂಟೆ. 6ರಿಂದ 8ಕ್ಕೆ 220 ದಿನ, 1000 ಗಂಟೆ ಎಂದು ನಿಗದಿ ಮಾಡಿದೆ. ಮನೆಗೆ ಇದು ಅನ್ವಯಿಸುವುದಿಲ್ಲ. ಆದರೂ ಶಿಕ್ಷಣ ಇಲಾಖೆಯವರಿಗೆ ಗೊತ್ತಿರುವ ಅಳತೆ ಇದೇ ಆದ್ದರಿಂದ ನಿಮ್ಮ ದಿನಚರಿ ಪುಸ್ತಕವೂ ಇದೇ ಅಳತೆಯಲ್ಲಿದ್ದರೆ ಮಾತು ಸುಲಭವಾಗುತ್ತದೆ. ತಿಂಗಳಿಗೊಮ್ಮೆ ಪ್ರತಿ ವಿಷಯದ ಒಂದೆರಡು ಬರಹ, ತಾರೀಖು ಸಹಿತ. ಅರ್ಧವರ್ಷಕ್ಕೊಂದು ಪ್ರಶ್ನೆಪತ್ರಿಕೆ, ಮಗು ಬರೆದ ಉತ್ತರ. ಅಷ್ಟು ಸಾಕು. ನೂರು ಫೋಟೋಗಳ ಆಲ್ಬಮ್ಮನ್ನು ಯಾರೂ ತಿರುವಿ ನೋಡುವುದಿಲ್ಲ.

ವಾಪಸು ಸೇರಿಸಬೇಕೆನಿಸಿದರೆ ಸೆಕ್ಷನ್ 4 ನಿಮ್ಮ ಕಡೆಗಿದೆ: ವಯಸ್ಸಿಗೆ ತಕ್ಕ ತರಗತಿಗೇ ಪ್ರವೇಶ, ಹಿಂದುಳಿದಿದ್ದರೆ ವಿಶೇಷ ತರಬೇತಿ. ತಡವಾಗಿ ಬಂದಿರೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು ಸೆಕ್ಷನ್ 15 ಹೇಳುತ್ತದೆ. ಖಾಸಗಿ ಶಾಲೆ ‘ಸೀಟಿಲ್ಲ’ ಎಂದರೆ ವಾದಿಸುವುದು ಕಷ್ಟ. ಸರ್ಕಾರಿ ಶಾಲೆಯ ಬಾಗಿಲಂತೂ ವರ್ಷವಿಡೀ ತೆರೆದಿರುತ್ತದೆ.

ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಬಂದವರು ‘ಮಗುವನ್ನು ಸೇರಿಸದಿದ್ದರೆ ಪೊಲೀಸರಿಗೆ ಬರೆಯುತ್ತೇವೆ’ ಎಂದರು. — ಕುಂದಾಪುರ

ಬರೆದರೂ ಆರ್‌ಟಿಇಯಲ್ಲಿ ಪೊಲೀಸರಿಗೆ ಕೆಲಸವಿಲ್ಲ. ಆದರೆ ಜಗಳ ಬೇಡ. ಸಮೀಕ್ಷೆ ಮಾಡುವ ಶಿಕ್ಷಕಿ ನಮೂನೆಯ ಕಾಲಂ ತುಂಬಬೇಕು, ಅದರಲ್ಲಿ ‘ಮನೆಯಲ್ಲಿ ಕಲಿಯುತ್ತಿದೆ’ ಎಂಬ ಕಾಲಮ್ಮೇ ಇಲ್ಲದಿರಬಹುದು. ಟಿಸಿಯ ಜೆರಾಕ್ಸ್, ಜನನ ಪ್ರಮಾಣಪತ್ರ, ದಿನಚರಿ ಪುಸ್ತಕ ತೋರಿಸಿ; ಒಂದು ಪುಟದ ವಿವರಣೆ ಬರೆದು ಬಿಇಒ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮಗುವನ್ನು ಕರೆದು ಮಾತಾಡಿಸಲು ಬಿಡಿ. ಬಾಗಿಲು ಹಾಕಿಕೊಂಡ ಮನೆಯ ಬಗ್ಗೆಯೇ ಮಕ್ಕಳ ಕಲ್ಯಾಣ ಸಮಿತಿಗೆ ವರದಿ ಹೋಗುವುದು, ನಗುತ್ತ ಪುಸ್ತಕ ತೋರಿಸುವ ಮಗುವಿನ ಬಗ್ಗೆ ಅಲ್ಲ.

ಮನೆಯ ಅಂಗಡಿಯಲ್ಲೋ ತೋಟದಲ್ಲೋ ಮಗು ಕೆಲಸ ಮಾಡುತ್ತಿದ್ದರೆ ಮಾತ್ರ ಎಚ್ಚರ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯು 14ರೊಳಗಿನ ಮಗು ಕುಟುಂಬದ ಕೆಲಸದಲ್ಲಿ ನೆರವಾಗುವುದನ್ನು ಶಾಲಾ ಅವಧಿಯ ನಂತರ ಅಥವಾ ರಜೆಯಲ್ಲಿ ಮಾತ್ರ ಒಪ್ಪುತ್ತದೆ. ಶಾಲೆಗೇ ಹೋಗದ ಮಗುವಿಗೆ ‘ಶಾಲಾ ಅವಧಿಯ ನಂತರ’ ಯಾವುದು ಎಂದು ಕೇಳಿದರೆ ಉತ್ತರಿಸಲು ನಿಮ್ಮಲ್ಲಿ ವೇಳಾಪಟ್ಟಿ ಇರಬೇಕು.

ನಾವು ಐದು ಕುಟುಂಬಗಳು ಸೇರಿ ಮನೆಯೊಂದನ್ನು ಬಾಡಿಗೆಗೆ ಹಿಡಿದು, ಇಬ್ಬರು ಶಿಕ್ಷಕರನ್ನು ಇಟ್ಟುಕೊಂಡು ಮಕ್ಕಳಿಗೆ ಕಲಿಸುತ್ತಿದ್ದೇವೆ. ಇನ್ನೂ ಹತ್ತು ಮಕ್ಕಳು ಸೇರಲು ಕೇಳುತ್ತಿದ್ದಾರೆ. — ಮೈಸೂರು

ಇಲ್ಲಿ ಅಪಾಯ ನಿಜವಾದದ್ದು. ಪೋಷಕರಿಗೆ ದಂಡವಿಲ್ಲ ಎಂದೆವು. ಶಾಲೆ ನಡೆಸುವವರಿಗೆ ಇದೆ. ಮಾನ್ಯತೆ ಪಡೆಯದೆ ಶಾಲೆ ನಡೆಸಿದರೆ ಸೆಕ್ಷನ್ 18ರ ಪ್ರಕಾರ 1 ಲಕ್ಷ ರೂಪಾಯಿವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 10,000 ರೂಪಾಯಿ. ಮನೆಯಲ್ಲಿ ಸ್ವಂತ ಮಕ್ಕಳಿಗೆ ಕಲಿಸುವುದು ಯಾವ ಘಟ್ಟದಲ್ಲಿ ಶಾಲೆಯಾಗುತ್ತದೆ ಎಂಬುದಕ್ಕೆ ಕಾಯ್ದೆಯಲ್ಲಿ ಸಂಖ್ಯೆಯ ಗೆರೆ ಇಲ್ಲ. ಅಧಿಕಾರಿ ನೋಡುವುದು ಹೊರಲಕ್ಷಣಗಳನ್ನು: ಬೋರ್ಡು, ತರಗತಿ ವಿಂಗಡಣೆ, ಬೋಧನಾ ಶುಲ್ಕದ ರಸೀದಿ, ಸಮವಸ್ತ್ರ, ಅಂಕಪಟ್ಟಿ, ‘ಪ್ರವೇಶ ಆರಂಭ’ ಎಂಬ ಜಾಹೀರಾತು. ಹೊರಗಿನ ಹತ್ತು ಮಕ್ಕಳನ್ನು ಶುಲ್ಕ ಪಡೆದು ಸೇರಿಸಿಕೊಂಡ ದಿನ ನೀವು ಪೋಷಕರ ಕೂಟವಾಗಿ ಉಳಿಯುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಐದೇ ಕುಟುಂಬವಾಗಿ ಉಳಿಯುವುದಾದರೆ ಬಾಡಿಗೆ, ಶಿಕ್ಷಕರ ಸಂಬಳ ಎಲ್ಲವನ್ನೂ ಸಮಪಾಲು ಖರ್ಚೆಂದು ಲೆಕ್ಕ ಇಡಿ, ಒಬ್ಬರ ಖಾತೆಗೆ ‘ಫೀಸು’ ಎಂದು ಹಾಕಬೇಡಿ, ಪ್ರತಿ ಮಗುವಿನ ಕಲಿಕೆಯ ಕಡತ ಆಯಾ ಮನೆಯಲ್ಲೇ ಇರಲಿ. ಬೆಳೆಯುವ ಆಸೆ ಇದ್ದರೆ ಮಾನ್ಯತೆಗೇ ಅರ್ಜಿ ಹಾಕಿ. ಅನುಬಂಧದ ಪ್ರಕಾರ 1ರಿಂದ 5ನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಸಾಕು. ತೊಡಕಾಗುವುದು ಶಿಕ್ಷಕರ ಸಂಖ್ಯೆಯಲ್ಲಿ ಅಲ್ಲ, ಪ್ರತಿ ಶಿಕ್ಷಕರಿಗೊಂದು ಕೊಠಡಿ, ಆಟದ ಮೈದಾನ, ಬೇಲಿ, ಗಂಡು ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಮುಂತಾದ ಕಟ್ಟಡದ ಷರತ್ತುಗಳಲ್ಲಿ.

ಮಗ ಎನ್‌ಐಒಎಸ್‌ನಲ್ಲಿ ಹತ್ತನೇ ತರಗತಿ ಕಟ್ಟಿದರೆ ಮುಂದೆ ಪಿಯು, ಸಿಇಟಿಗೆ ತೊಂದರೆ ಇಲ್ಲ ತಾನೇ? — ಹಾಸನ

ಪಿಯುಗೆ ದೊಡ್ಡ ತೊಂದರೆಯಿಲ್ಲ. ಸಿಇಟಿಗೆ ಇದೆ. ಮನೆಶಾಲೆಯ ಗುಂಪುಗಳಲ್ಲಿ ಇದನ್ನು ಯಾರೂ ಮುಂಚಿತವಾಗಿ ಹೇಳುವುದಿಲ್ಲ.

ಮೊದಲು ಎನ್‌ಐಒಎಸ್. ಕೇಂದ್ರ ಸರ್ಕಾರ 1989ರಲ್ಲಿ ಆರಂಭಿಸಿದ ಮುಕ್ತ ಶಾಲಾ ಮಂಡಳಿ, ನೊಯ್ಡಾದಲ್ಲಿದೆ. ಚಿಕ್ಕ ಮಕ್ಕಳಿಗೆ ಎ, ಬಿ, ಸಿ ಎಂಬ ಮೂರು ಹಂತಗಳಿವೆ. ಕ್ರಮವಾಗಿ 3, 5, 8ನೇ ತರಗತಿಗೆ ಸಮಾನ. ಹತ್ತನೇ ತರಗತಿಗೆ 14 ವರ್ಷ ತುಂಬಿರಬೇಕು. 8ನೇ ತರಗತಿಯ ಅಂಕಪಟ್ಟಿ ಇಲ್ಲದಿದ್ದರೆ ‘ಈ ಕೋರ್ಸಿಗೆ ಬೇಕಾದಷ್ಟು ಓದಿದ್ದೇನೆ’ ಎಂಬ ಸ್ವಯಂ ಘೋಷಣೆ ಸಾಕು. ಮನೆಯಲ್ಲಿ ಕಲಿತ ಮಕ್ಕಳಿಗೆ ಈ ಬಾಗಿಲು ತೆರೆದಿರುವುದು ಈ ಒಂದು ವಾಕ್ಯದಿಂದ. ಐದು ವಿಷಯ ಪಾಸಾಗಬೇಕು, ಅದರಲ್ಲಿ ಒಂದಾದರೂ ಭಾಷೆ, ಎರಡಕ್ಕಿಂತ ಹೆಚ್ಚು ಬೇಡ. ಮೇಲೆ ಇನ್ನೆರಡು ಹೆಚ್ಚುವರಿ ವಿಷಯ ತೆಗೆದುಕೊಳ್ಳಬಹುದು. ನೋಂದಣಿ ಐದು ವರ್ಷ ನಡೆಯುತ್ತದೆ, ಅಷ್ಟರಲ್ಲಿ ಒಂಬತ್ತು ಸಲ ಪರೀಕ್ಷೆಗೆ ಕೂರಬಹುದು, ಒಂದೊಂದೇ ವಿಷಯ ಮುಗಿಸುತ್ತ ಹೋದರೂ ಆದೀತು. ಪಾಸಿಗೆ ಶೇ 33. ಪ್ರಾಯೋಗಿಕ ಇರುವ ವಿಷಯಗಳಲ್ಲಿ ಥಿಯರಿ, ಪ್ರಾಯೋಗಿಕ ಎರಡರಲ್ಲೂ ಬೇರೆಬೇರೆಯಾಗಿ. ಟಿಎಂಎ ಎಂಬ ಮನೆಬರಹಕ್ಕೆ ಶೇ 20 ತೂಕ. ಗಡುವು ತಪ್ಪಿಸಿ ಈ ಶೇ 20 ಕಳೆದುಕೊಳ್ಳುವವರು ಕಡಿಮೆಯೇನಿಲ್ಲ.

ವಿಷಯ ಆಯ್ಕೆಯಲ್ಲಿ ಆಗುವ ತಪ್ಪು ಒಂದಿದೆ. ಐದು ವಿಷಯ ಯಾವುವಾದರೂ ಆಗಬಹುದು ಎಂದು ಗಣಿತವನ್ನೋ ವಿಜ್ಞಾನವನ್ನೋ ಬಿಟ್ಟುಬಿಡುತ್ತಾರೆ. ಪಿಯು ವಿಜ್ಞಾನ ವಿಭಾಗಕ್ಕೆ ಹೋದಾಗ ಕಾಲೇಜು ಅದನ್ನೇ ಕೇಳುತ್ತದೆ. ಮುಂದೇನು ಓದುವುದೆಂದು ತೀರ್ಮಾನವಾಗುವವರೆಗೆ ಗಣಿತ, ವಿಜ್ಞಾನ, ಇಂಗ್ಲಿಷ್, ಕನ್ನಡ ಉಳಿಸಿಕೊಂಡಿರಿ. ಇನ್ನೊಂದು: ಹತ್ತು ಮುಗಿದು ಎರಡು ವರ್ಷದ ಅಂತರವಿಲ್ಲದೆ ಎನ್‌ಐಒಎಸ್ ಹನ್ನೆರಡರ ಪ್ರಮಾಣಪತ್ರ ಸಿಗದು, ಹಾಗಾಗಿ ‘ಒಂದೇ ವರ್ಷದಲ್ಲಿ ಹನ್ನೆರಡು’ ಎಂಬ ಜಾಹೀರಾತು ನಂಬಬೇಡಿ. ನೀಟ್‌ಗೆ ಮುಕ್ತ ಶಾಲೆಯವರನ್ನು ಹೊರಗಿಟ್ಟಿದ್ದ ನಿಯಮವನ್ನು ದೆಹಲಿ ಹೈಕೋರ್ಟ್ 2018ರಲ್ಲಿ ತೆಗೆದುಹಾಕಿತು.

ಈಗ ಸಿಇಟಿ. ಕರ್ನಾಟಕದ ಸರ್ಕಾರಿ ಕೋಟಾದ ಸೀಟಿಗೆ ಅರ್ಹತೆಯ ಮೊದಲ ಷರತ್ತು, ಹೆಚ್ಚಿನ ವಿದ್ಯಾರ್ಥಿಗಳು ಬಳಸುವ ಷರತ್ತು, ಹೀಗಿದೆ: 1ನೇ ತರಗತಿಯಿಂದ ದ್ವಿತೀಯ ಪಿಯುವರೆಗಿನ ಅವಧಿಯಲ್ಲಿ ಕನಿಷ್ಠ ಏಳು ವರ್ಷ ಕರ್ನಾಟಕದ ಸರ್ಕಾರಿ ಅಥವಾ ಸರ್ಕಾರಿ ಮಾನ್ಯತೆಯ ಸಂಸ್ಥೆಯಲ್ಲಿ ಓದಿರಬೇಕು, ಹತ್ತು ಅಥವಾ ಹನ್ನೆರಡನ್ನು ಇಲ್ಲಿಂದಲೇ ಪಾಸಾಗಿರಬೇಕು. ಇದಕ್ಕೆ ಶಾಲೆಯ ವ್ಯಾಸಂಗ ಪ್ರಮಾಣಪತ್ರ ಬೇಕು, ಅದರ ಮೇಲೆ ಬಿಇಒ ಮೇಲುಸಹಿ ಬೇಕು. ಮನೆಯಲ್ಲಿ ಕಲಿತ ವರ್ಷಗಳು ಈ ಏಳರ ಲೆಕ್ಕಕ್ಕೆ ಸೇರುವುದಿಲ್ಲ. ಹುಟ್ಟಿದಾಗಿನಿಂದ ಹಾಸನ ಬಿಟ್ಟು ಹೋಗದ ಹುಡುಗನೂ ಹೊರರಾಜ್ಯದವನಂತಾಗುತ್ತಾನೆ. ಗ್ರಾಮೀಣ ಮೀಸಲಾತಿಗೂ ಕನ್ನಡ ಮಾಧ್ಯಮ ಮೀಸಲಾತಿಗೂ 1ರಿಂದ 10ನೇ ತರಗತಿವರೆಗಿನ ಹತ್ತೂ ವರ್ಷಗಳ ವ್ಯಾಸಂಗ ದಾಖಲೆ ಬೇಕು. ಅಂದರೆ ಒಂದು ವರ್ಷ ಮನೆಯಲ್ಲಿ ಕಲಿಸಿದರೂ ಇವೆರಡು ಕೈತಪ್ಪುತ್ತವೆ.

ಲೆಕ್ಕ ಹಾಕಿ ನೋಡಿ. ಮಗ 1ರಿಂದ 5 ಶಾಲೆಯಲ್ಲೇ ಓದಿದ್ದರೆ ಐದು ವರ್ಷ ಕೈಯಲ್ಲಿದೆ. ಪಿಯು ಎರಡು ವರ್ಷ ರಾಜ್ಯದ ಕಾಲೇಜಿನಲ್ಲಿ ಓದಿದರೆ ಏಳು ತುಂಬುತ್ತದೆ. 3ನೇ ತರಗತಿಗೇ ಬಿಡಿಸಿದ್ದರೆ ಮೂರೂ ಎರಡೂ ಐದು. 9, 10ಕ್ಕೆ ಶಾಲೆಗೆ ವಾಪಸು ಸೇರಿಸಿದರಷ್ಟೇ ಏಳಾಗುತ್ತದೆ. ಪೋಷಕರ ಸೇವೆ, ವಾಸ ಮುಂತಾದವುಗಳ ಮೇಲೆ ಬೇರೆ ಷರತ್ತುಗಳೂ ಇವೆ, ಅವು ಎಲ್ಲರಿಗೂ ಹೊಂದುವುದಿಲ್ಲ. ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಮಾಹಿತಿ ಪುಸ್ತಕವನ್ನು ಮಗು ಐದನೇ ತರಗತಿಯಲ್ಲಿರುವಾಗಲೇ ಓದಿ. ಹನ್ನೆರಡರಲ್ಲಿ ಓದಿದರೆ ಮಾಡಲು ಏನೂ ಉಳಿದಿರುವುದಿಲ್ಲ.

ಹಾಜರಾತಿ ಹಾಕಿಕೊಳ್ಳುವ ಶಾಲೆಯೊಂದಿದೆ, ಹೆಸರಿಗೆ ಸೇರಿಸಿ ಮನೆಯಲ್ಲಿ ಓದಿಸಿದರೆ ಮೇಲಿನ ಎಲ್ಲ ರಗಳೆ ತಪ್ಪುತ್ತದಲ್ಲ? — ಬಳ್ಳಾರಿ

ಸುಳ್ಳು ಹಾಜರಾತಿಗೆ ನೀವೂ ಪಾಲುದಾರರಾಗುತ್ತೀರಿ. ಸಿಬಿಎಸ್‌ಇಯಲ್ಲಿ ಶೇ 75 ಹಾಜರಾತಿ ಇಲ್ಲದೆ ಬೋರ್ಡ್ ಪರೀಕ್ಷೆ ಇಲ್ಲ, ತಪಾಸಣೆಯಲ್ಲಿ ಸಿಕ್ಕಿಬಿದ್ದ ‘ಡಮ್ಮಿ’ ಶಾಲೆಗಳ ಮಾನ್ಯತೆಯನ್ನೇ ಮಂಡಳಿ ರದ್ದು ಮಾಡಿದೆ. ಆಗ ಹತ್ತನೇ ತರಗತಿಯ ನಡುವೆ ಮಗುವಿಗೆ ಶಾಲೆಯೂ ಇರುವುದಿಲ್ಲ, ಮನೆಶಾಲೆಯ ಪ್ರಾಮಾಣಿಕ ಕಡತವೂ ಇರುವುದಿಲ್ಲ.

ನಮ್ಮ ಮಗಳಿಗೆ ತೀವ್ರ ಸೆರೆಬ್ರಲ್ ಪಾಲ್ಸಿ. ಮನೆಯಲ್ಲೇ ಕಲಿಸಲು ಯಾರ ಅನುಮತಿ ಬೇಕು? — ಶಿರಸಿ

ನಿಮ್ಮ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 2012ರ ಆಗಸ್ಟ್ 1ರಿಂದ ಜಾರಿಗೆ ಬಂದ ಆರ್‌ಟಿಇ ತಿದ್ದುಪಡಿಯು ಬಹುವಿಧ ಅಂಗವೈಕಲ್ಯ ಅಥವಾ ತೀವ್ರ ಅಂಗವೈಕಲ್ಯವಿರುವ ಮಗುವಿಗೆ ಗೃಹಾಧಾರಿತ ಶಿಕ್ಷಣ ಆಯ್ದುಕೊಳ್ಳುವ ಹಕ್ಕು ಕೊಟ್ಟಿದೆ. ಅನುಮತಿಯಲ್ಲ, ಹಕ್ಕು. ಅಂಗವೈಕಲ್ಯದ ಯುಡಿಐಡಿ ಕಾರ್ಡ್ ಮಾಡಿಸಿ, ಹತ್ತಿರದ ಸರ್ಕಾರಿ ಶಾಲೆಯಲ್ಲಿ ಹೆಸರು ದಾಖಲಿಸಿ, ಗೃಹಾಧಾರಿತ ಶಿಕ್ಷಣ ಬೇಕೆಂದು ಬರೆದುಕೊಡಿ. ಬ್ಲಾಕ್ ಮಟ್ಟದ ಬಿಐಇಆರ್‌ಟಿ ಸಂಪನ್ಮೂಲ ಶಿಕ್ಷಕರು ಮನೆಗೆ ಬರಬೇಕು. ಬರುವುದು ಅಪರೂಪವಾದರೆ ಭೇಟಿಯ ದಿನಾಂಕಗಳನ್ನು ಬರೆದಿಟ್ಟು ಸೆಕ್ಷನ್ 32ರಡಿ ಸ್ಥಳೀಯ ಪ್ರಾಧಿಕಾರಕ್ಕೆ ದೂರು ಕೊಡಿ. ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಆಮೇಲಿನ ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ಶಾಲೆಗೆ ಹೆಸರು ದಾಖಲಾಗಿರುವುದರಿಂದ ಮೇಲಿನ ಏಳು ವರ್ಷದ ತಾಪತ್ರಯವೂ ನಿಮಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಉಚಿತ ಶಿಕ್ಷಣದ ಹಕ್ಕನ್ನು 18 ವರ್ಷದವರೆಗೆ ವಿಸ್ತರಿಸಿದೆ, 14ಕ್ಕೆ ನಿಲ್ಲಿಸಲು ಯಾರಿಗೂ ಬಿಡಬೇಡಿ.

ನ್ಯೂಜೆರ್ಸಿಯಲ್ಲಿ ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತಿದ್ದೇವೆ, ಕೆಲಸದ ಮೇಲೆ ನ್ಯೂಯಾರ್ಕ್ ರಾಜ್ಯಕ್ಕೆ ಹೋಗುತ್ತಿದ್ದೇವೆ. ಎಚ್‌ಎಸ್‌ಎಲ್‌ಡಿಎ ಸದಸ್ಯರಾಗಿ ಎನ್ನುತ್ತಾರೆ. ಯಾರವರು? — ಎಡಿಸನ್, ನ್ಯೂಜೆರ್ಸಿ

ಅಮೆರಿಕದಲ್ಲಿ ಇದು ರಾಜ್ಯಗಳ ವಿಷಯ. ನದಿ ದಾಟಿದರೆ ಕಾನೂನೇ ಬೇರೆ. ನ್ಯೂಜೆರ್ಸಿಯ ಕಾನೂನು ‘ಶಾಲೆಯ ಹೊರಗೆ ಸಮಾನ ಬೋಧನೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ, ಮುಂಚಿತ ನೋಟಿಸೂ ಬೇಡ. ನ್ಯೂಯಾರ್ಕ್ ತದ್ವಿರುದ್ಧ. ಪ್ರತಿ ವರ್ಷ ಜುಲೈ 1ರೊಳಗೆ ಶಾಲಾ ಜಿಲ್ಲೆಗೆ ಆಶಯ ಪತ್ರ ಕೊಡಬೇಕು. ವರ್ಷದ ನಡುವೆ ಬಂದವರು ಆರಂಭಿಸಿದ 14 ದಿನದೊಳಗೆ. ಅವರು ನಮೂನೆ ಕಳಿಸಿದ ಮೇಲೆ ನಾಲ್ಕು ವಾರ ಅಥವಾ ಆಗಸ್ಟ್ 15, ಯಾವುದು ತಡವೋ ಅಷ್ಟರಲ್ಲಿ, ಪ್ರತಿ ಮಗುವಿಗೆ ಬೋಧನಾ ಯೋಜನೆ ಸಲ್ಲಿಸಬೇಕು. ವರ್ಷಕ್ಕೆ ನಾಲ್ಕು ವರದಿ. 1ರಿಂದ 6ನೇ ತರಗತಿಗೆ 900 ಗಂಟೆ, 7ರಿಂದ 12ಕ್ಕೆ 990 ಗಂಟೆ. ವರ್ಷದ ಕೊನೆಗೆ ಮೌಲ್ಯಮಾಪನ: 3ನೇ ತರಗತಿವರೆಗೆ ಬರಹದ ವರದಿ ನಡೆಯುತ್ತದೆ, 4ರಿಂದ 8ರವರೆಗೆ ಒಂದು ವರ್ಷ ಬಿಟ್ಟು ಒಂದು ವರ್ಷ ಪ್ರಮಾಣಿತ ಪರೀಕ್ಷೆ ಸಾಕು, ಹೈಸ್ಕೂಲಿನಲ್ಲಿ ಪ್ರತಿ ವರ್ಷ. ಒಟ್ಟು ಅಂಕ 33ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು, ಇಲ್ಲವೇ ಹಿಂದಿನ ವರ್ಷಕ್ಕಿಂತ ಒಂದು ವರ್ಷದ ಪ್ರಗತಿ ಕಾಣಬೇಕು. ಜಿಲ್ಲೆಯ ನಮೂನೆ ಕೆಲವೊಮ್ಮೆ ನಿಯಮ ಕೇಳದ ವಿವರಗಳನ್ನೂ ಕೇಳುತ್ತದೆ, ನಿಯಮ 100.10ರಲ್ಲಿ ಇರುವಷ್ಟನ್ನೇ ತುಂಬಿದರೆ ಸಾಕು.

ಎಚ್‌ಎಸ್‌ಎಲ್‌ಡಿಎ ಅಂದರೆ ಮನೆಶಾಲೆಯ ಕುಟುಂಬಗಳಿಗೆ ವಕೀಲರನ್ನು ಒದಗಿಸುವ ಸದಸ್ಯತ್ವ ಸಂಸ್ಥೆ. ಮೈಕೆಲ್ ಫ್ಯಾರಿಸ್ ಮತ್ತು ಮೈಕೆಲ್ ಸ್ಮಿತ್ ಎಂಬ ವಕೀಲರು 1983ರಲ್ಲಿ ಕಟ್ಟಿದ್ದು, ವರ್ಜೀನಿಯಾದಲ್ಲಿದೆ. ಹಿನ್ನೆಲೆ ಸಂಪ್ರದಾಯವಾದಿ ಕ್ರೈಸ್ತರದ್ದು, ಸದಸ್ಯತ್ವ ಯಾರಿಗಾದರೂ ಉಂಟು. ಅವರ ಬಲ ಗೊತ್ತಾದದ್ದು 1994ರಲ್ಲಿ. ಸಂಸತ್ತಿನ ಎಚ್‌ಆರ್ 6 ಎಂಬ ಮಸೂದೆಯಲ್ಲಿ ಶಿಕ್ಷಕರು ತಾವು ಕಲಿಸುವ ವಿಷಯದಲ್ಲಿ ಪ್ರಮಾಣಿತರಾಗಿರಬೇಕು ಎಂಬ ಸಾಲೊಂದಿತ್ತು. ಇದು ತಾಯ್ತಂದೆಯರಿಗೂ ತಗಲುತ್ತದೆ ಎಂದು ಇವರು ಕೂಗೆಬ್ಬಿಸಿದರು. ಸಂಸತ್ತಿನ ದೂರವಾಣಿಗಳು ದಿನಗಟ್ಟಲೆ ಬಿಡುವಿಲ್ಲದೆ ಬಡಿದುಕೊಂಡವು. ಆ ಸಾಲು 424 ಮತಕ್ಕೆ 1ರಂತೆ ಕಿತ್ತುಹೋಯಿತು. 2018ರಲ್ಲಿ ಕ್ಯಾಲಿಫೋರ್ನಿಯಾದ ಪೆರಿಸ್‌ನಲ್ಲಿ 13 ಮಕ್ಕಳನ್ನು ಮನೆಯಲ್ಲಿ ಕೂಡಿಹಾಕಿ ಹಿಂಸಿಸಿದ ಪ್ರಕರಣ ಬಯಲಾದಾಗ, ಮನೆಶಾಲೆಗಳ ಮೇಲೆ ನಿಗಾ ಇಡುವ ಎಬಿ 2756 ಮಸೂದೆ ಬಂತು. ಸಮಿತಿಯ ಮುಂದೆ ವಿರೋಧಿಸುವವರ ಸಾಲು ಗಂಟೆಗಟ್ಟಲೆ ಕರಗಲಿಲ್ಲ. ಕೊನೆಗೆ ಅದನ್ನು ಮತಕ್ಕೆ ಹಾಕೋಣ ಎನ್ನಲು ಸಮಿತಿಯಲ್ಲಿ ಒಬ್ಬರೂ ಮುಂದೆ ಬರಲಿಲ್ಲ. 2025ರಲ್ಲಿ ಇಲಿನಾಯ್‌ನ ಎಚ್‌ಬಿ 2827 ಕೂಡ, ಮನೆಶಾಲೆಯವರು ಒಂದು ಘೋಷಣಾ ನಮೂನೆ ಸಲ್ಲಿಸಲಿ ಎಂಬುದೇ ಅದರ ತಿರುಳಾಗಿದ್ದರೂ, ಇಂಥದೇ ವಿರೋಧಕ್ಕೆ ಸಿಕ್ಕಿ ಸಮಿತಿ ದಾಟಿ ಸದನದ ಮತದಾನಕ್ಕೆ ಬರದೆ ನಿಂತಿತು.

ಎದುರು ದನಿಯೂ ಇದೆ, ಅದನ್ನೂ ಕೇಳಿ. ಮನೆಶಾಲೆಯಲ್ಲೇ ಬೆಳೆದು ದೊಡ್ಡವರಾದವರು 2013ರಲ್ಲಿ ಸಿಆರ್‌ಎಚ್‌ಇ ಎಂಬ ಒಕ್ಕೂಟ ಕಟ್ಟಿಕೊಂಡರು. ಮನೆಶಾಲೆ ನಿಲ್ಲಿಸಿ ಎಂದು ಅವರು ಹೇಳುತ್ತಿಲ್ಲ. ವರ್ಷಕ್ಕೊಮ್ಮೆ ನೋಂದಣಿ, ಹೊರಗಿನವರೊಬ್ಬರಿಂದ ಮೌಲ್ಯಮಾಪನ, ಮಕ್ಕಳ ಮೇಲಿನ ದೌರ್ಜನ್ಯದಲ್ಲಿ ಶಿಕ್ಷೆಯಾದವರಿಗೆ ಮನೆಶಾಲೆ ನಿಷೇಧ, ಇಷ್ಟು ಕೇಳುತ್ತಾರೆ. ನಮಗೆ ಇವರ ವಾದವೇ ಹೆಚ್ಚು ಸರಿಯೆನಿಸುತ್ತದೆ. ಒಂದು ನಮೂನೆ ತುಂಬುವುದನ್ನೂ ದಬ್ಬಾಳಿಕೆ ಎಂದು ಕರೆಯುವ ಸಂಸ್ಥೆಗೆ ಚಂದಾ ಕಟ್ಟಬೇಕೇ ಎಂಬುದು ನಿಮಗೆ ಬಿಟ್ಟದ್ದು. ನ್ಯೂಯಾರ್ಕಿನ ಗಡುವುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡವರಿಗೆ ವಕೀಲರ ಅಗತ್ಯ ಬೀಳುವುದು ಕಡಿಮೆ.

ಮ್ಯೂನಿಕ್‌ಗೆ ಮೂರು ವರ್ಷದ ಕೆಲಸಕ್ಕೆ ಹೋಗುತ್ತಿದ್ದೇವೆ. ಮಗನಿಗೆ ಅಲ್ಲಿ ಮನೆಯಲ್ಲೇ ಭಾರತದ ಸಿಲಬಸ್ ಓದಿಸಬಹುದೇ? — ಹುಬ್ಬಳ್ಳಿ

ಇಲ್ಲ. ಜರ್ಮನಿಯಲ್ಲಿ ಶಾಲೆಗೆ ಹೋಗುವುದೇ ಕಡ್ಡಾಯ, ವಿದೇಶಿಯರ ಮಕ್ಕಳಿಗೂ ಅನ್ವಯ. ದಂಡದಿಂದ ಆರಂಭವಾಗಿ ಮಗುವಿನ ಪಾಲನೆಯ ಹಕ್ಕಿನ ಒಂದಷ್ಟನ್ನು ನ್ಯಾಯಾಲಯ ಕಿತ್ತುಕೊಳ್ಳುವವರೆಗೂ ಹೋಗಬಹುದು. ಅಂಥ ಕ್ರಮವನ್ನು ಪ್ರಶ್ನಿಸಿದ ವುಂಡರ್ಲಿಶ್ ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2019ರ ಜನವರಿ 10ರಂದು ಜರ್ಮನಿಯ ಪರವಾಗಿಯೇ ತೀರ್ಪು ಕೊಟ್ಟಿತು. ಮಾನ್ಯತೆ ಇರುವ ಅಂತರರಾಷ್ಟ್ರೀಯ ಶಾಲೆ ಹುಡುಕಿ. ಎನ್‌ಐಒಎಸ್ ಓದನ್ನು ಸಂಜೆಗೆ ಇಟ್ಟುಕೊಳ್ಳಬಹುದು.

ನಮ್ಮ ಗುಂಪು ಸರ್ಕಾರಕ್ಕೆ ಮನವಿ ಕೊಡಬೇಕೆಂದಿದೆ: ಹೋಮ್‌ಸ್ಕೂಲಿಂಗ್ ಕಾನೂನುಬದ್ಧಗೊಳಿಸಿ ಎಂದು. ಯಾರಿಗೆ, ಹೇಗೆ? ವಿದೇಶದ ಸಂಘಗಳಿಂದ ಹಣ ಪಡೆಯಬಹುದೇ? — ಬೆಂಗಳೂರು

‘ಕಾನೂನುಬದ್ಧಗೊಳಿಸಿ’ ಎಂಬ ಒಂದೇ ಸಾಲಿನ ಮನವಿ ಕಸದ ಬುಟ್ಟಿಗೆ ಹೋಗುತ್ತದೆ. ಏನು ಬದಲಾಗಬೇಕು, ಯಾರ ಕೈಯಲ್ಲಿದೆ ಎಂದು ಬಿಡಿಸಿ ನೋಡಿ. ಶಿಕ್ಷಣ 1976ರ 42ನೇ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದು. ಸೆಕ್ಷನ್ 10 ಕೇಂದ್ರ ಕಾಯ್ದೆಯಲ್ಲಿದೆ, ಅದನ್ನು ಮುಟ್ಟಬೇಕಾದದ್ದು ಸಂಸತ್ತು. ರಾಜ್ಯ ತಿದ್ದುಪಡಿ ತಂದರೆ ರಾಷ್ಟ್ರಪತಿ ಅಂಕಿತ ಬೇಕು. ಅದು ದೂರದ ದಾರಿ. ಆದರೆ ಸೆಕ್ಷನ್ 35ರಡಿ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಬಹುದು, ಸೆಕ್ಷನ್ 38ರಡಿ ರಾಜ್ಯ ನಿಯಮ ಮಾಡಬಹುದು. ಮದರಸಾ ಮತ್ತು ವೇದಪಾಠಶಾಲೆಗಳು ಹಿಡಿದದ್ದು ಇದೇ ದಾರಿ: 2010ರಲ್ಲಿ ಮಾರ್ಗಸೂಚಿ, 2012ರ ತಿದ್ದುಪಡಿಯಲ್ಲಿ ಕಾಯ್ದೆಯಿಂದಲೇ ವಿನಾಯಿತಿ. ಅವರಿಗೆ ಮತಬಲವಿತ್ತು, ನಿಮಗಿಲ್ಲ. ಆದ್ದರಿಂದ ಚಿಕ್ಕದನ್ನು ಕೇಳಿ.

ರಾಜ್ಯದ ಮಟ್ಟದಲ್ಲಿ ಸಿಗಬಹುದಾದವು ಇವು: ಸಮೀಕ್ಷಾ ನಮೂನೆಯಲ್ಲಿ ಮನೆಯಲ್ಲಿ ಕಲಿಯುವ ಮಕ್ಕಳಿಗೊಂದು ಕಾಲಂ, ಬಿಇಒ ಕಚೇರಿಯಲ್ಲಿ ವಾರ್ಷಿಕ ಮಾಹಿತಿ ಸಲ್ಲಿಸುವ ವ್ಯವಸ್ಥೆ, ಎನ್‌ಐಒಎಸ್ ಹಂತಗಳ ಮೂಲಕ ಓದಿದ ವರ್ಷಗಳನ್ನು ಸಿಇಟಿಯ ಏಳು ವರ್ಷದ ಲೆಕ್ಕಕ್ಕೆ ಸೇರಿಸುವುದು. ಕೊನೆಯದು ಸಿಕ್ಕರೆ ನೂರಾರು ಕುಟುಂಬಗಳ ಆತಂಕ ಕರಗುತ್ತದೆ, ಸೆಕ್ಷನ್ 10 ಮುಟ್ಟುವ ಅಗತ್ಯವೂ ಇಲ್ಲ. ಮಾಹಿತಿ ಸಲ್ಲಿಸುವುದನ್ನು ನೀವೇ ಮುಂದಾಗಿ ಒಪ್ಪಿಕೊಳ್ಳಿ. ಕಡ್ಡಾಯ ಶಾಲೆಯ ಕಾನೂನಿನಿಂದಲೇ ಬಾಲ್ಯವಿವಾಹ, ಜೀತಗಳಿಂದ ಪಾರಾದ ಹೆಣ್ಣುಮಕ್ಕಳಿದ್ದಾರೆ. ‘ಯಾರೂ ನಮ್ಮನ್ನು ಕೇಳಬಾರದು’ ಎಂಬ ಬೇಡಿಕೆಯನ್ನು ಮಕ್ಕಳ ಹಕ್ಕುಗಳ ಸಂಘಟನೆಗಳು ವಿರೋಧಿಸುತ್ತವೆ, ವಿರೋಧಿಸಬೇಕು ಕೂಡ.

ಮನವಿಗೆ ಮೊದಲು ಆರ್‌ಟಿಐ ಹಾಕಿ: ಮನೆಯಲ್ಲಿ ಕಲಿಯುವ ಮಕ್ಕಳ ಬಗ್ಗೆ ಇಲಾಖೆ ಹೊರಡಿಸಿದ ಸುತ್ತೋಲೆಗಳ ಪ್ರತಿ ಕೊಡಿ ಎಂದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಮೂರು ವಿಷಯ ತುರುಕಿ ತಿರಸ್ಕೃತವಾದ ಅರ್ಜಿಗಳು ಬೇಕಾದಷ್ಟು. ‘ಮಾಹಿತಿ ಇಲ್ಲ’ ಎಂಬ ಉತ್ತರ ಬಂದರೂ ಲಾಭವೇ, ಸುತ್ತೋಲೆಯೇ ಇಲ್ಲ ಎಂಬುದಕ್ಕೆ ಅದೇ ದಾಖಲೆ. ಅದನ್ನು ಲಗತ್ತಿಸಿ ಎರಡು ಪುಟದ ಮನವಿಯನ್ನು ಶಾಲಾ ಶಿಕ್ಷಣ ಇಲಾಖೆಯ ಪ್ರಧಾನ ಕಾರ್ಯದರ್ಶಿಗೆ, ಪ್ರತಿಯನ್ನು ಆಯುಕ್ತರಿಗೂ ಮಕ್ಕಳ ಹಕ್ಕುಗಳ ಆಯೋಗಕ್ಕೂ, ಸಿಇಟಿಯ ಭಾಗವನ್ನು ಬೇರೆಯಾಗಿ ಉನ್ನತ ಶಿಕ್ಷಣ ಇಲಾಖೆಗೂ ಕೊಡಿ. ದೇಶದ ಮಟ್ಟದಲ್ಲಿ ‘ಸ್ವಶಿಕ್ಷಣ್’ ಎಂಬ ಮನೆಶಾಲೆಯವರ ಬಳಗವಿದೆ, ಅವರೊಂದಿಗೆ ಕೈಜೋಡಿಸಿ. ಸ್ವಂತ ಸಂಘವೇ ಬೇಕೆಂದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಕನಿಷ್ಠ ಏಳು ಜನ ಬೇಕು.

ಹಣದ ವಿಷಯ: ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ವಿದೇಶಿ ಸಂಸ್ಥೆಯಿಂದ ಒಂದು ಡಾಲರೂ ಪಡೆಯುವಂತಿಲ್ಲ. ನೋಂದಣಿಗೆ ಸಂಘಕ್ಕೆ ಮೂರು ವರ್ಷ ತುಂಬಿರಬೇಕು, ಆ ಅವಧಿಯಲ್ಲಿ 15 ಲಕ್ಷ ರೂಪಾಯಿ ಉದ್ದೇಶಿತ ಕೆಲಸಕ್ಕೆ ಖರ್ಚಾಗಿರಬೇಕು, ಹಣ ಬರುವುದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ ಮಾತ್ರ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡಿರುವ ಅನಿವಾಸಿ ಕನ್ನಡಿಗರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಪೌರತ್ವ ಬದಲಿಸಿ ಒಸಿಐ ಕಾರ್ಡ್ ಹೊಂದಿರುವವರದ್ದು ವಿದೇಶಿ ದೇಣಿಗೆಯೇ. ರಸೀದಿ ಬರೆಯುವ ಮೊದಲು ಪಾಸ್‌ಪೋರ್ಟ್ ಪ್ರತಿ ಕೇಳಿ ಪಡೆಯಿರಿ.